ರಿಪೋರ್ಟ್‌ನಲ್ಲಿ ‘ಏನೂ ಇಲ್ಲ’ ಎಂದಾಗ

ಜಿಲ್ಲಾಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ಒಂದು ಬಗೆಯ ರೋಗಿಯನ್ನು ದೂರದಿಂದಲೇ ಗುರುತಿಸಬಹುದು. ತೊಡೆಯ ಮೇಲೆ ಬಟ್ಟೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಕವರ್. ಒಳಗೆ ಸುರುಳಿ ಸುತ್ತಿಕೊಂಡ ಎಕ್ಸ್‌ರೇ, ಅಂಚು ಮಡಿಚಿಹೋದ ಎಂಆರ್‌ಐ ಫಿಲ್ಮು, ಎಂಡೋಸ್ಕೋಪಿಯ ಬಣ್ಣದ ಚಿತ್ರಗಳು, ಶಾಯಿ ಮಾಸಿ ಓದಲಾಗದ ಇಸಿಜಿ ಪಟ್ಟಿ, ಮೂರು ಊರಿನ ಲ್ಯಾಬುಗಳ ಥೈರಾಯ್ಡ್ ರಿಪೋರ್ಟು. ಪ್ರತಿ ಹಾಳೆಯ ಕೊನೆಗೂ ಹೆಚ್ಚುಕಡಿಮೆ ಒಂದೇ ಪದ: ನಾರ್ಮಲ್. ವೈದ್ಯರು ಎಲ್ಲವನ್ನೂ ಸರಸರ ತಿರುವಿ, “ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ” ಎನ್ನುತ್ತಾರೆ. ಸಮಾಧಾನ ಹೇಳಲೆಂದೇ ಆಡಿದ ಮಾತು ಅದು. ಆದರೆ ಆರು ತಿಂಗಳಿಂದ ಎದೆ ಉರಿದು, ಕೈಕಾಲು ಜೋಮು ಹಿಡಿದು, ನಡುರಾತ್ರಿ ಎದ್ದು ಕೂರುವವಳಿಗೆ ಕೇಳಿಸುವುದು ಬೇರೆಯೇ: ‘ನೀನು ನಾಟಕ ಮಾಡ್ತಿದ್ದೀಯ’. ಅವಳು ಕವರ್ ಎತ್ತಿಕೊಂಡು ಮುಂದಿನ ಊರಿನ ಡಾಕ್ಟರನ್ನು ಹುಡುಕಿಕೊಂಡು ಹೊರಡುತ್ತಾಳೆ. ಕವರ್ ಇನ್ನಷ್ಟು ದಪ್ಪವಾಗುತ್ತದೆ.

‘ನಾರ್ಮಲ್’ ಎಂಬ ಪದದ ತಲೆಯ ಮೇಲೆ ನಾವು ಅದು ಹೊರಲಾರದಷ್ಟು ಭಾರ ಹೊರಿಸಿದ್ದೇವೆ. ಸ್ಕ್ಯಾನ್ ನೋಡುವುದು ಆಕಾರ: ಗಡ್ಡೆ ಇದೆಯೇ, ಹುಣ್ಣಿದೆಯೇ, ರಕ್ತನಾಳ ಕಟ್ಟಿಕೊಂಡಿದೆಯೇ. ರಕ್ತಪರೀಕ್ಷೆ ಅಳೆಯುವುದು ಕೆಲವು ವಸ್ತುಗಳ ಮಟ್ಟ. ನರಗಳು ಸುದ್ದಿಯನ್ನು ಎಷ್ಟು ಜೋರಾಗಿ ಸಾಗಿಸುತ್ತಿವೆ, ಮಿದುಳು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಿದೆ ಎನ್ನುವುದು ಎರಡರಲ್ಲೂ ಮೂಡುವುದಿಲ್ಲ. ತಂಬೂರಿಯ ಎಕ್ಸ್‌ರೇ ತೆಗೆದರೆ ಬುರುಡೆ, ದಂಡಿ, ತಂತಿ ಎಲ್ಲ ನೆಟ್ಟಗಿರುತ್ತವೆ. ಶ್ರುತಿ ಇಳಿದಿದ್ದು ಫಿಲ್ಮಿನಲ್ಲಿ ಕಾಣುತ್ತದೆಯೇ?

ಇದೇನು ಅಪರೂಪದ ಸಂಗತಿಯೂ ಅಲ್ಲ. ಅಮೆರಿಕದ ಒಂದು ಹೊರರೋಗಿ ವಿಭಾಗದಲ್ಲಿ 1,000 ರೋಗಿಗಳ ಮೂರು ವರ್ಷದ ದಾಖಲೆಗಳನ್ನು ತೆಗೆದು, ಎದೆನೋವು, ಸುಸ್ತು, ತಲೆಸುತ್ತು, ತಲೆನೋವು, ಬೆನ್ನುನೋವು ಮುಂತಾದ 14 ಸಾಮಾನ್ಯ ದೂರುಗಳಿಗೆ ಕಡೆಗೆ ಏನು ಕಾರಣ ಸಿಕ್ಕಿತು ಎಂದು ವೈದ್ಯ ಕ್ರೋಂಕೆ ಮತ್ತು ಅವರ ಸಂಗಡಿಗ 1989ರಲ್ಲಿ ಲೆಕ್ಕ ಹಾಕಿದರು. ದೇಹದಲ್ಲಿ ಇಂಥದೇ ಕಾಯಿಲೆ ಎಂದು ಬೆರಳಿಟ್ಟು ತೋರಿಸಲು ಆಗಿದ್ದು ಶೇ 16ರಷ್ಟರಲ್ಲಿ ಮಾತ್ರ. ಇದಕ್ಕೆ ಉಲ್ಟಾ ಲೆಕ್ಕವೂ ಇದೆ. ಬೆನ್ನುನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ನೋಡಿದಾಗ, 20ರ ವಯಸ್ಸಿನವರಲ್ಲೇ ಶೇ 30ರಷ್ಟು ಮಂದಿಗೆ ‘ಡಿಸ್ಕ್ ಬಲ್ಜ್’ ಇತ್ತು, 50ರವರಲ್ಲಿ ಶೇ 60. ಅಂದರೆ ನೋವಿದ್ದವರ ಫಿಲ್ಮು ಖಾಲಿ, ನೋವಿಲ್ಲದವರ ಫಿಲ್ಮಿನಲ್ಲಿ ಡಿಸ್ಕ್ ಉಬ್ಬಿದೆ. ಆ ‘ಬಲ್ಜ್’ ಎಂಬ ಒಂದು ಪದ ಓದಿದ್ದಕ್ಕೇ ಬಗ್ಗುವುದು, ಬಿಂದಿಗೆ ಎತ್ತುವುದು, ಬಸ್ಸಿನಲ್ಲಿ ಕೂರುವುದು ಎಲ್ಲ ಬಿಟ್ಟು, ಬಿಟ್ಟಿದ್ದಕ್ಕೇ ಬೆನ್ನಿನ ಸ್ನಾಯು ಸೊರಗಿ, ಆಮೇಲೆ ನಿಜಕ್ಕೂ ನೋವಿಗೆ ಬಿದ್ದವರು ಎಷ್ಟಿಲ್ಲ!

ಹಾಗಾದರೆ ಒಳಗೆ ನಡೆಯುವುದೇನು? ಇದನ್ನು ಓದುತ್ತಿರುವಂತೆಯೇ ಎಡಗಾಲಿನ ಹೆಬ್ಬೆರಳಿನ ಮೇಲೆ ಗಮನ ಇಡಿ. ಅರ್ಧ ನಿಮಿಷ ಹಿಂದೆ ಅದು ಇತ್ತೆಂಬುದೇ ಗೊತ್ತಿರಲಿಲ್ಲ. ಈಗ ಸಣ್ಣ ಬಿಸಿ, ಒಂದು ಮಿಡಿತ, ಚಪ್ಪಲಿಯ ಒತ್ತು ಎಲ್ಲ ತಿಳಿಯುತ್ತಿದೆ. ಪಕ್ಕದ ಮನೆಯ ಮಗುವಿನ ತಲೆಯಲ್ಲಿ ಹೇನು ಎಂದು ಕಿವಿಗೆ ಬಿದ್ದರೆ ಸಾಕು, ನಮ್ಮ ತಲೆ ಕಡಿಯತೊಡಗುತ್ತದೆ. ದೇಹ ಪ್ರತಿಕ್ಷಣ ಸಾವಿರ ಸುದ್ದಿ ಕಳಿಸುತ್ತದೆ. ಮಿದುಳು ಬಹುಪಾಲು ಸುದ್ದಿಯನ್ನು ಬಾಗಿಲಲ್ಲೇ ತಡೆಯುತ್ತದೆ. ಯಾವುದಕ್ಕೆ ‘ಅಪಾಯ’ ಎಂಬ ಚೀಟಿ ಅಂಟಿದೆಯೋ ಅದನ್ನು ಮಾತ್ರ ಒಳಗೆ ಬಿಟ್ಟು, ಜೊತೆಗೆ ಅದರ ದನಿಯನ್ನೂ ಏರಿಸುತ್ತದೆ. ಗಂಟಲಲ್ಲಿ ಉಂಡೆ ಸಿಕ್ಕಿದಂತೆ ಅನಿಸುವವರನ್ನು ಗಮನಿಸಿ: ಉಂಡೆ ಇದೆಯೋ ಹೋಯಿತೋ ಎಂದು ಪರೀಕ್ಷಿಸಲು ದಿನಕ್ಕೆ ನೂರು ಸಲ ಬರೀ ಉಗುಳು ನುಂಗುತ್ತಾರೆ. ಒಣ ನುಂಗುವಿಕೆಯಿಂದ ಗಂಟಲ ಸ್ನಾಯು ಬಿಗಿಯುತ್ತದೆ, ಬಿಗಿದಿದ್ದು ಉಂಡೆಯಂತೆ ಅನಿಸುತ್ತದೆ, ಮತ್ತೆ ನುಂಗುತ್ತಾರೆ. ಮುದ್ದೆ ಮಾತ್ರ ಸಲೀಸಾಗಿ ಇಳಿಯುತ್ತದೆ. ಈ ವ್ಯತ್ಯಾಸವನ್ನು ನೆನಪಿಡಬೇಕು. ತಿಂದ ಅನ್ನ, ರೊಟ್ಟಿ ನಿಜವಾಗಿ ಸಿಕ್ಕಿಹಾಕಿಕೊಂಡರೆ ಅದು ಬೇರೆ ಕಥೆ, ಅದಕ್ಕೆ ಎಂಡೋಸ್ಕೋಪಿ ಆಗಲೇಬೇಕು.

ನೋವಿನ ವಿಷಯದಲ್ಲಿ ಈ ದನಿ ಏರಿಕೆ ಬೆನ್ನುಹುರಿಯ ಮಟ್ಟದಲ್ಲೇ ಆಗುತ್ತದೆಂದು ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್ 1983ರಲ್ಲೇ ತೋರಿಸಿದ್ದರು. ಗಾಯ ಮಾಗಿದ ಮೇಲೂ ನರತಂತುಗಳ ಎಚ್ಚರ ಇಳಿಯದೆ, ಮುಟ್ಟಿದರೂ ನೋವು ಎನ್ನುವ ಸ್ಥಿತಿ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ಇದಕ್ಕೆ ‘ನೋಸಿಪ್ಲಾಸ್ಟಿಕ್’ ನೋವು ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ಫೈಬ್ರೊಮಯಾಲ್ಜಿಯ ಎಂಬ ಮೈಯೆಲ್ಲ ನೋವಿನ ಕಾಯಿಲೆ ಈ ಗುಂಪಿನದು.

ಉಸಿರಾಟದ ಉದಾಹರಣೆ ಇನ್ನೂ ಸ್ಪಷ್ಟ, ಏಕೆಂದರೆ ಇಲ್ಲಿ ಕಾರಣ ಕಾರ್ಯ ಎರಡನ್ನೂ ಅಳೆಯಬಹುದು. ಆತಂಕದಲ್ಲಿರುವವರು ಗೊತ್ತಿಲ್ಲದಂತೆ ಎದೆಯ ಮೇಲ್ಭಾಗದಿಂದ ವೇಗವಾಗಿ ಉಸಿರಾಡುತ್ತಾರೆ, ನಡುನಡುವೆ ದೊಡ್ಡ ನಿಟ್ಟುಸಿರು ಬಿಡುತ್ತಾರೆ. ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ಸೋರಿಹೋಗುತ್ತದೆ. ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಅದರಲ್ಲಿ ಬಿಡಿಯಾಗಿ ತೇಲುವ ಕ್ಯಾಲ್ಸಿಯಂ ಇಳಿಯುತ್ತದೆ, ನರಗಳು ತಾವಾಗಿಯೇ ಮಿಡಿಯತೊಡಗುತ್ತವೆ. ಮೊದಲು ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಜೋರಾದರೆ ಕೈ ಬೆರಳುಗಳು ಕೊಕ್ಕಿನಂತೆ ಸೊಟ್ಟಗೆ ಸೆಟೆಯುತ್ತವೆ. ರಕ್ತದಲ್ಲಿ ಈ ಅನಿಲದ ಒತ್ತಡ ಪಾದರಸದ ಒಂದೊಂದು ಮಿ.ಮೀ. ಇಳಿದಾಗಲೂ ಮಿದುಳಿನ ರಕ್ತದ ಹರಿವು ಶೇ 2ರಿಂದ 4ರಷ್ಟು ಕುಗ್ಗುತ್ತದೆ, ಅದಕ್ಕೇ ತಲೆ ತೇಲಿದಂತಾಗುವುದು, ಕಣ್ಣು ಮಂಜಾಗುವುದು. ‘ಗಾಳಿ ಸಾಲುತ್ತಿಲ್ಲ’ ಎಂದು ಅನಿಸುವಾಗ ಆಕ್ಸಿಮೀಟರ್ 99 ತೋರಿಸುತ್ತಿರುತ್ತದೆ. ಸಾಲದ್ದಕ್ಕೆ ಇನ್ನೂ ಜೋರಾಗಿ ಉಸಿರೆಳೆದು ರೋಗಿ ಕುಣಿಕೆಯನ್ನು ತಾನೇ ಬಿಗಿಯುತ್ತಾನೆ. ಮುಖಕ್ಕೆ ಕಾಗದದ ಚೀಲ ಹಿಡಿಯುವ ಹಳೆಯ ಉಪಾಯ ಬೇಡ. ಅದು ಹೃದಯಾಘಾತವೋ ಅಸ್ತಮಾವೋ ಆಗಿದ್ದರೆ ಇರುವ ಆಮ್ಲಜನಕವೂ ಹೋಗುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೊಟ್ಟೆಯ ಮೇಲಿಟ್ಟ ಕೈ ಏಳಬೇಕು, ಎದೆಯ ಮೇಲಿಟ್ಟ ಕೈ ಅಲುಗಬಾರದು. ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಬಹುತೇಕರು ತಪ್ಪುವುದು ಒಂದೇ ಕಡೆ: ಜುಮುಜುಮು ಬಂದಾಗ ಮಾತ್ರ ಇದನ್ನು ಮಾಡಹೋಗುತ್ತಾರೆ. ಮುಳುಗುವಾಗ ಈಜು ಕಲಿಯಲಾಗದು. ನೆಮ್ಮದಿಯಾಗಿರುವಾಗ ಎರಡು ವಾರ ಅಭ್ಯಾಸವಾಗಿದ್ದರೆ ಮಾತ್ರ ಅದು ಸಮಯಕ್ಕೆ ಒದಗುತ್ತದೆ.

ಈಗ ಕಾಲಿನ ಬಲ ಹೋದವರ ವಿಷಯ. ‘ಫಂಕ್ಷನಲ್’, ಅಂದರೆ ಅಂಗ ಕೆಡದೆ ಅದರ ಕೆಲಸ ಮಾತ್ರ ತಪ್ಪಿದ ದೌರ್ಬಲ್ಯವನ್ನು ನರವೈದ್ಯರು ಹಾಸಿಗೆಯ ಪಕ್ಕದಲ್ಲೇ ಹೇಗೆ ಪತ್ತೆ ಮಾಡುತ್ತಾರೆಂದು ನೋಡಿದರೆ ಈ ಇಡೀ ವಿಷಯದ ಬಗೆಗಿನ ಅನುಮಾನ ಅರ್ಧ ಕರಗುತ್ತದೆ. ರೋಗಿಯ ಬಲಗಾಲಿಗೆ ಶಕ್ತಿ ಇಲ್ಲ ಎಂದುಕೊಳ್ಳಿ. ಮಲಗಿಸಿ, ವೈದ್ಯರು ಬಲ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟು “ಹಿಮ್ಮಡಿಯಿಂದ ನನ್ನ ಕೈ ಒತ್ತಿ” ಎನ್ನುತ್ತಾರೆ. ಒತ್ತು ಬರುವುದೇ ಇಲ್ಲ. ಕೈ ಅಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯನ್ನು ಎಡಗಾಲ ಮೇಲಿಟ್ಟು, “ಈಗ ಎಡಗಾಲನ್ನು ಮೇಲೆತ್ತಿ, ನಾನು ತಡೀತೀನಿ, ಎಡಗಾಲ ಮೇಲೇ ಗಮನ ಇರಲಿ” ಎನ್ನುತ್ತಾರೆ. ರೋಗಿ ಎಡಗಾಲೆತ್ತಲು ಹೆಣಗುತ್ತಿದ್ದಂತೆ, ಸತ್ತಂತಿದ್ದ ಬಲ ಹಿಮ್ಮಡಿ ಅಂಗೈಯನ್ನು ಹಾಸಿಗೆಗೆ ಬಲವಾಗಿ ಒತ್ತುತ್ತದೆ! ಒಂದು ಕಾಲೆತ್ತುವಾಗ ಇನ್ನೊಂದು ತಾನಾಗಿ ಊರಿಕೊಳ್ಳುವುದು ನಮ್ಮೆಲ್ಲರ ದೇಹದ ವ್ಯವಸ್ಥೆ. ಅಂದರೆ ದಾರಿ ಪೂರ್ತಿ ಸರಿಯಿದೆ, ಸ್ನಾಯು, ನರ, ಬೆನ್ನುಹುರಿ ಎಲ್ಲ ಸರಿಯಿವೆ. ಬೇಕೆಂದು ಮನಸ್ಸು ಮಾಡಿದಾಗ ಮಾತ್ರ ಆಜ್ಞೆ ತಲುಪುತ್ತಿಲ್ಲ. ಅಮೆರಿಕದ ಚಾರ್ಲ್ಸ್ ಫ್ರಾಂಕ್ಲಿನ್ ಹೂವರ್ 1908ರಲ್ಲಿ ವಿವರಿಸಿದ ಗುರುತಿದು. ಬಹುಕಾಲ ಇದನ್ನು ‘ಸಿಕ್ಕಿಬಿದ್ದೆ’ ಎನ್ನುವ ಪತ್ತೇದಾರಿಕೆಗೆ ಬಳಸಿದರು. ಈಗಿನ ಒಳ್ಳೆಯ ವೈದ್ಯರು ರೋಗಿಗೇ ತೋರಿಸುತ್ತಾರೆ: “ನೋಡಿ, ನಿಮ್ಮ ಕಾಲಿನಲ್ಲಿ ಬಲ ಇದೆ. ಅದು ವಾಪಸ್ ಬರುವ ದಾರಿ ಇದೇ, ಗಮನ ಬೇರೆ ಕಡೆ ಹೋದಾಗ.” ಫಿಸಿಯೋಥೆರಪಿಯೂ ಅಲ್ಲಿಂದಲೇ ಶುರು. ಹಿಂದಕ್ಕೆ ನಡೆಯುವುದು, ತಾಳಕ್ಕೆ ಹೆಜ್ಜೆ ಹಾಕುವುದು, ಚೆಂಡು ಹಿಡಿಯುತ್ತ ನಡೆಯುವುದು. ಕಾಲನ್ನೇ ದಿಟ್ಟಿಸುತ್ತ ಕೋಲೂರಿ ನಡೆಸುವ ಮಾಮೂಲಿ ವ್ಯಾಯಾಮ ಇವರಿಗೆ ಹಲವು ಸಲ ಉಲ್ಟಾ ಹೊಡೆಯುತ್ತದೆ.

“ನಾಳೆ ಅದು ಬೇರೆ ಕಾಯಿಲೆ ಅಂತ ಗೊತ್ತಾದರೆ?” ಎಂಬ ಭಯ ರೋಗಿಗೂ ಇರುತ್ತದೆ, ವೈದ್ಯರಿಗೂ ಇರುತ್ತದೆ. ಅದಕ್ಕೆ ಇತಿಹಾಸದ ಕಾರಣವೂ ಉಂಟು. 1965ರಲ್ಲಿ ಲಂಡನ್ನಿನ ಎಲಿಯಟ್ ಸ್ಲೇಟರ್, ‘ಹಿಸ್ಟೀರಿಯಾ’ (ಇಂಥ ತೊಂದರೆಗೆ ಆಗಿನ ಹೆಸರು) ಎಂದು ಬರೆಸಿಕೊಂಡವರಲ್ಲಿ ಬಹಳಷ್ಟು ಜನರಿಗೆ ಆಮೇಲೆ ನಿಜವಾದ ನರರೋಗ ಕಾಣಿಸಿತೆಂದು ಬರೆದು ಒಂದು ತಲೆಮಾರಿನ ವೈದ್ಯರನ್ನು ಬೆಚ್ಚಿಬೀಳಿಸಿದ್ದರು. ಆದರೆ 1970ರ ನಂತರದ ಅಧ್ಯಯನಗಳನ್ನು ಒಟ್ಟು ಮಾಡಿದಾಗ ಇಂಥ ತಪ್ಪು ಶೇ 4ರ ಸುಮಾರಿಗೆ ಇಳಿದಿತ್ತು. ಸ್ಕಾಟ್ಲೆಂಡಿನಲ್ಲಿ ನರರೋಗ ವಿಭಾಗಕ್ಕೆ ಬಂದವರ ಪೈಕಿ, ಕಾಯಿಲೆಯಿಂದ ವಿವರಿಸಲಾಗದ ಲಕ್ಷಣವಿದ್ದ 1,030 ಜನರನ್ನು ಸುಮಾರು ಒಂದೂವರೆ ವರ್ಷದ ಬಳಿಕ ಹುಡುಕಿ ನೋಡಿದರೆ, ಮೊದಲು ತಪ್ಪಿಹೋಗಿದ್ದ ಕಾಯಿಲೆ ಸಿಕ್ಕಿದ್ದು 4 ಜನರಲ್ಲಿ. ಅಮೆರಿಕದ ಮನೋವೈದ್ಯ ಸಂಘ 2013ರ ತನ್ನ ಕೈಪಿಡಿಯಲ್ಲಿ ‘ವೈದ್ಯಕೀಯವಾಗಿ ವಿವರಿಸಲಾಗದ’ ಎಂಬ ಷರತ್ತನ್ನೇ ಈ ರೋಗಗಳಲ್ಲಿ ಹೆಚ್ಚಿನವುಗಳಿಂದ ಕಿತ್ತುಹಾಕಿತು. ಇಲ್ಲದ್ದನ್ನು ಹಿಡಿದು ರೋಗ ಗುರುತಿಸುವುದು ಬಿಟ್ಟು, ಇರುವ ಗುರುತು ಹಿಡಿದು ಹೆಸರಿಡಬೇಕು ಎನ್ನುವುದು ಈಗಿನ ನಿಲುವು. ಸಕ್ಕರೆ ಕಾಯಿಲೆ ಇರುವವರಿಗೂ ಇದು ಬರಬಹುದು, ಎಪಿಲೆಪ್ಸಿ ಇರುವವರಿಗೂ ಜೊತೆಯಲ್ಲೇ ಬರಬಹುದು.

ನಮ್ಮಲ್ಲಿ ಇದರ ಭಾಷೆಯೇ ಬೇರೆ. ‘ನರ ವೀಕ್‌ನೆಸ್’, ‘ಗ್ಯಾಸ್ ತಲೆಗೆ ಏರಿದೆ’, ‘ಮೈ ಉರಿ’, ‘ಎದೆ ಭಾರ’, ‘ಒಳಗೊಳಗೇ ಸಂಕಟ’, ‘ಲೋ ಬಿಪಿ’. ಹಳ್ಳಿಯವರಿಗೆ ದುಃಖವನ್ನು ದುಃಖವೆಂದು ಹೇಳಲು ಬರುವುದಿಲ್ಲ, ಅದಕ್ಕೇ ಮೈನೋವು ಎನ್ನುತ್ತಾರೆ ಎಂಬ ಮಾತು ಶಹರದ ಓದಿದವರಲ್ಲಿ ಚಾಲ್ತಿಯಲ್ಲಿದೆ. ಇದು ಅರೆಬೆಂದ ಮಾತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್ ಮತ್ತು ಸಂಗಡಿಗರು 80 ಹೊರರೋಗಿಗಳನ್ನು ಕೂರಿಸಿ ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಹೀಗೆ: ಖಿನ್ನತೆಯ ಲಕ್ಷಣ ಹೆಚ್ಚಿದಷ್ಟೂ ಕಳಂಕದ ಅಳುಕು ಹೆಚ್ಚು, ಮೈಯ ಲಕ್ಷಣ ಹೆಚ್ಚಿದ್ದವರಲ್ಲಿ ಆ ಅಳುಕು ಕಡಿಮೆ. ಬೇಸರ ಎಂದರೆ ಮಗಳ ಮದುವೆಗೆ ಅಡ್ಡಿ. ಬೆನ್ನುನೋವು ಎಂದರೆ ನೆರೆಮನೆಯವರೂ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಇದರಲ್ಲಿ ಅಜ್ಞಾನವೇನಿದೆ? ಊರು ಯಾವುದನ್ನು ಕೇಳಿಸಿಕೊಳ್ಳುತ್ತದೋ ಅದನ್ನು ಬಾಯಿ ಮೊದಲು ಹೇಳುತ್ತದೆ.

ಈ ಭಾಷೆಯನ್ನು ವೈದ್ಯರು ಅಕ್ಷರಶಃ ಓದಿದರೆ ಏನಾಗುತ್ತದೆಂಬುದಕ್ಕೆ ‘ಬಿಳಿ ಸೆರಗು’ ಸಾಕ್ಷಿ. ಗೋವಾದಲ್ಲಿ ಸುಮಾರು 2,500 ಮಹಿಳೆಯರನ್ನು ಪರೀಕ್ಷಿಸಿದ ಮನೋವೈದ್ಯ ವಿಕ್ರಮ್ ಪಟೇಲ್ ತಂಡಕ್ಕೆ ಈ ದೂರಿನ ಹಿಂದೆ ಸೋಂಕಿಗಿಂತ ಹೆಚ್ಚಾಗಿ ಕಾಣಿಸಿದ್ದು ಮನಸ್ಸಿನ ಮತ್ತು ಮನೆಯ ಒತ್ತಡ. ಆದರೂ ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿ ಸೆರಗಿನಂಥ ದೂರು ಹೊತ್ತು ಹೋದ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶವನ್ನೇ ತೆಗೆದ ಪ್ರಕರಣಗಳು 2015ರ ಹೊತ್ತಿಗೆ ಬೆಳಕಿಗೆ ಬಂದವು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಗಂಡಸರ ಪಾಲಿಗೆ ಇದೇ ಬಗೆಯದು ‘ಧಾತು ಹೋಗುವುದು’ (ವೀರ್ಯ ಸೋರಿ ಶಕ್ತಿ ಹೋಗುತ್ತದೆಂಬ ಭಯ), ಮನೋವೈದ್ಯ ಎನ್. ಎನ್. ವಿಗ್ ಅದಕ್ಕೆ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದಿರುವ ‘ಗುಪ್ತರೋಗ’ದ ಜಾಹೀರಾತುಗಳು ಇವತ್ತಿಗೂ ಬದುಕಿರುವುದು ಅದರ ಮೇಲೆಯೇ.

ಹಾಗೆಂದು ಎಲ್ಲವನ್ನೂ ಟೆನ್ಷನ್ ಲೆಕ್ಕಕ್ಕೆ ಬರೆಯುವುದು ಇನ್ನೂ ಕೆಟ್ಟದ್ದು. ನಮ್ಮ ಕಡೆ ‘ಗ್ಯಾಸ್ಟ್ರಿಕ್’ ಎಂಬ ಪದ ಎಷ್ಟು ಹೃದಯಾಘಾತಗಳನ್ನು ನುಂಗಿದೆಯೋ! ಮೆಟ್ಟಿಲು ಹತ್ತಿದರೆ ಬಂದು ನಿಂತರೆ ಹೋಗುವ ಎದೆ ಒತ್ತು, ಬೆವರು, ದವಡೆಗೋ ಎಡಗೈಗೋ ಹರಡುವ ನೋವು, ಇವಕ್ಕೆ ಈನೋ ಕುಡಿದು ಕಾಯಬಾರದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಬರೀ ಸುಸ್ತು, ವಾಕರಿಕೆಯಾಗಿಯೂ ಅದು ಬರುತ್ತದೆ. ಡಯಟ್ ಮಾಡದೆ ಆರು ತಿಂಗಳಲ್ಲಿ ದೇಹತೂಕದ ಶೇ 5ಕ್ಕಿಂತ ಹೆಚ್ಚು ಇಳಿದರೆ, ಜ್ವರ ಬಿಡದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಬೇಧಿ ನಿದ್ದೆಯಿಂದ ಎಬ್ಬಿಸಿದರೆ, 50 ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದರೆ, ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಈ ಬರಹ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆ ಒಂದು ಸಲ ಸರಿಯಾಗಿ ಆಗಬೇಕು. ರಕ್ತದ ಕಣಗಳ ಎಣಿಕೆ, ಇಎಸ್‌ಆರ್ (ಉರಿಯೂತ), ಸಕ್ಕರೆ, ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಮೂತ್ರಪಿಂಡ), ಕ್ಯಾಲ್ಸಿಯಂ, ಬಿ12, ವಿಟಮಿನ್ ಡಿ, ಫೆರಿಟಿನ್ (ಕಬ್ಬಿಣದ ಸಂಗ್ರಹ), ಒಂದು ಇಸಿಜಿ. ದುಬಾರಿ ಸ್ಕ್ಯಾನಿಗೆ ಹಾರುವ ಭರದಲ್ಲಿ ಈ ಅಗ್ಗದವು ಬಿಟ್ಟುಹೋಗುವುದೇ ಹೆಚ್ಚು. ಅಂಗಾಲು ಜೋಮು ಎನ್ನುವ ಸಸ್ಯಾಹಾರಿಯ ಬಿ12 ನೋಡದೆ ‘ಮಾನಸಿಕ’ ಎನ್ನುವುದು ತಪ್ಪು. ತೊಡೆ, ಸೊಂಟದ ಮೂಳೆ ನೋಯುತ್ತ, ಕುಕ್ಕರುಗಾಲಿನಿಂದ ಕೈಯೂರದೆ ಏಳಲಾಗದವರಲ್ಲಿ ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗಿರಬಹುದು. ಇಷ್ಟು ನೋಡಿದ ಮೇಲೆ, ಲಕ್ಷಣದ ಸ್ವರೂಪ ಬದಲಾಗದ ಹೊರತು, ಅದೇ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಸಮಾಧಾನ ಸಿಗುವುದೇನೋ ನಿಜ, ಬಾಳಿಕೆ ಬರುವುದು ಕೆಲವೇ ದಿನ. ಅದರ ಜೊತೆಗೆ ಎಲ್ಲೋ ಒಂದು ಸಂಖ್ಯೆ ಗೆರೆಯಿಂದ ಕೂದಲೆಳೆ ಆಚೆ ಬಂದು ಹೊಸ ಭಯ ಹುಟ್ಟುತ್ತದೆ.

ಚಿಕಿತ್ಸೆಯೇ ಲಕ್ಷಣ ಹುಟ್ಟಿಸುವುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಆ ಪ್ಲಾಸ್ಟಿಕ್ ಕವರಿನ ತಳದಲ್ಲಿ ಮಾತ್ರೆ ಚೀಟಿಗಳೂ ಇರುತ್ತವೆ. ತಲೆನೋವಿಗೆ ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ಪ್ಯಾರಾಸಿಟಮಾಲ್‌ನಂಥ ಮಾತ್ರೆ, ಇಲ್ಲವೇ 10 ದಿನ ಮಿಶ್ರಣದ ಮಾತ್ರೆ, ಮೂರು ತಿಂಗಳು ನುಂಗಿದರೆ ಮಾತ್ರೆಯೇ ದಿನನಿತ್ಯದ ತಲೆನೋವಾಗುತ್ತದೆ. ಬೆಳಗಾದರೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸ್ ಮಾತ್ರೆಯ ಕತೆಯೂ ಅಷ್ಟೆ. ಡೆನ್ಮಾರ್ಕಿನಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ 120 ಜನರಲ್ಲಿ ಅರ್ಧದಷ್ಟು ಮಂದಿಗೆ ಎಂಟು ವಾರ ಇಂಥ ಮಾತ್ರೆ, ಉಳಿದವರಿಗೆ ಬರೀ ಹುಸಿಮಾತ್ರೆ ಕೊಟ್ಟು ನಿಲ್ಲಿಸಿ ನೋಡಿದರು. ನಿಲ್ಲಿಸಿದ ಮೇಲೆ ನಿಜ ಮಾತ್ರೆಯವರಲ್ಲಿ ಶೇ 44ರಷ್ಟು ಜನಕ್ಕೆ ಎದೆಯುರಿ, ಹುಳಿತೇಗು. ಹುಸಿಮಾತ್ರೆಯವರಲ್ಲಿ ಶೇ 15. ಎಂದರೆ ಮಾತ್ರೆ ಬಿಟ್ಟಾಗ ಬರುವ ಉರಿ ‘ಇನ್ನೂ ಗ್ಯಾಸ್ ಇದೆ’ ಎಂಬುದಕ್ಕೆ ಪುರಾವೆಯಾಗಬೇಕಿಲ್ಲ. ಕೆಲವು ವಾರಗಳಲ್ಲಿ ಅದು ಇಳಿಯುತ್ತದೆ, ಒಮ್ಮೆಲೇ ಬಿಡುವ ಬದಲು ಡಾಕ್ಟರನ್ನು ಕೇಳಿ ಮೆಲ್ಲಗೆ ಇಳಿಸಬೇಕು. ‘ನರಕ್ಕೆ ಶಕ್ತಿ’ ಎಂದು ಚುಚ್ಚುವ ಕೆಂಪು ಇಂಜೆಕ್ಷನ್‌ಗಳಲ್ಲಿ ಒಂದು ಆಂಪುಲ್‌ಗೆ 100 ಮಿ.ಗ್ರಾಂ ಬಿ6 ಇರುವುದುಂಟು, ಬಹುಕಾಲ ಅತಿಯಾದರೆ ಅದೇ ಬಿ6 ನರ ಕೆಡಿಸಿ ಜೋಮು ತರುತ್ತದೆ.

ಇನ್ನು ಗ್ಲೂಕೋಸ್ ಬಾಟಲಿ. 500 ಮಿ.ಲೀ.ನ ಶೇ 5ರ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಐದಾರು ಚಮಚ. ಒಂದು ಲೋಟ ಪಾನಕ ಕುಡಿದರೆ ಆಯಿತು. ಆದರೂ ಬಾಟಲಿ ಹಾಕಿಸಿಕೊಂಡು ಎದ್ದವರಿಗೆ ಹಾಯೆನಿಸುವುದು ಸುಳ್ಳಲ್ಲ. ಎರಡು ಗಂಟೆ ಯಾರೂ ಕರೆಯದೆ ಮಲಗಲು ಸಿಕ್ಕಿತಲ್ಲ! ಮನೆಯಲ್ಲಿ ಆ ಎರಡು ಗಂಟೆಗೆ ಬಾಟಲಿಯ ನೆಪ ಬೇಕಾಗಿ ಬಂದಿದೆ ಎನ್ನುವುದನ್ನು ಗಂಡನಾದವನು ಲೆಕ್ಕಕ್ಕೆ ತಂದುಕೊಂಡರೆ ಚೆನ್ನ.

ನಿಭಾಯಿಸುವ ಮೊದಲ ಹೆಜ್ಜೆ ಔಷಧಿಯಲ್ಲ, ಒಬ್ಬರೇ ಡಾಕ್ಟರು. ಅಮೆರಿಕದಲ್ಲಿ ರಿಚರ್ಡ್ ಸ್ಮಿತ್ ಮತ್ತು ಸಂಗಡಿಗರು 1986ರಲ್ಲಿ ವೈದ್ಯರಿಗೆ ಬರೀ ಒಂದು ಪತ್ರ ಬರೆದು ಪ್ರಯೋಗ ಮಾಡಿದ್ದರು: ಇಂಥ ರೋಗಿಯನ್ನು 4ರಿಂದ 6 ವಾರಕ್ಕೊಮ್ಮೆ ನಿಗದಿತವಾಗಿ ನೋಡಿ, ಪ್ರತಿ ಸಲ ದೂರಿರುವ ಜಾಗವನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ, ಹೊಸ ಗುರುತು ಕಾಣದೆ ಪರೀಕ್ಷೆ, ಸರ್ಜರಿ ಬೇಡ, ‘ಎಲ್ಲ ನಿಮ್ಮ ತಲೆಯಲ್ಲಿದೆ’ ಎನ್ನಬೇಡಿ. ಇಷ್ಟಕ್ಕೇ ಆ ರೋಗಿಗಳ ಚಿಕಿತ್ಸಾ ವೆಚ್ಚ ಅರ್ಧಕ್ಕಿಂತ ಕೆಳಗಿಳಿಯಿತು, ಆರೋಗ್ಯ ಕೆಡಲಿಲ್ಲ. ಇದರ ಗುಟ್ಟು ‘ನಿಗದಿತ’ ಎಂಬ ಪದದಲ್ಲಿದೆ. ನೋವು ಹೆಚ್ಚಾದಾಗ ಮಾತ್ರ ಬಾಗಿಲು ತೆರೆಯುವುದಾದರೆ, ನೋವು ಹೆಚ್ಚಾಗುವುದೇ ಒಳಬರುವ ಟಿಕೆಟ್ ಆಗಿಬಿಡುತ್ತದೆ. ನಮ್ಮ ತಾಲ್ಲೂಕು ಮಟ್ಟದಲ್ಲಿ ಇದು ಆಗದ ಕೆಲಸವೇನಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಪುಕ್ಕಟೆಯಾಗಿ ಮಾತಾಡುತ್ತಾರೆ.

ಮಾತ್ರೆಯ ವಿಷಯದಲ್ಲಿ ಒಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಹೊಟ್ಟೆಯ ತಳಮಳಕ್ಕೋ ಮೈನೋವಿಗೋ ಡಾಕ್ಟರು ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಬರೆಯುತ್ತಾರೆ, ರೋಗಿಯ ಮಗ ಮೊಬೈಲಿನಲ್ಲಿ ನೋಡಿ ‘ಇದು ಡಿಪ್ರೆಷನ್ ಮಾತ್ರೆ’ ಎನ್ನುತ್ತಾನೆ, ಮಾತ್ರೆ ಕಸದ ಬುಟ್ಟಿಗೆ ಬೀಳುತ್ತದೆ. ಖಿನ್ನತೆಗೆ ಕೊಡುವುದು 75ರಿಂದ 150 ಮಿ.ಗ್ರಾಂ. 10ರಿಂದ 30ರಲ್ಲಿ ಅದು ಮಾಡುವುದು ನೋವಿನ ದನಿ ತಗ್ಗಿಸುವ ಕೆಲಸ. ಇಂಗ್ಲೆಂಡಿನಲ್ಲಿ ಕರುಳಿನ ಐಬಿಎಸ್ ತೊಂದರೆಯವರ ಮೇಲೆ ನಡೆದು 2023ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಬಳಸಿದ್ದೂ ಇದೇ ಅಳತೆ. ಮೊದಲ ವಾರ ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ. ಮಲಗುವ ಹೊತ್ತಿಗೆ ಬದಲು ಎರಡು ಗಂಟೆ ಮೊದಲೇ ನುಂಗಿದರೆ ಮಂಪರು ಎಷ್ಟೋ ಕಡಿಮೆ. ಗುಣ ಕಾಣಲು 3-4 ವಾರ ಬೇಕು, ಮೂರನೇ ದಿನಕ್ಕೆ ‘ಆಗಿ ಬರಲಿಲ್ಲ’ ಎನ್ನುವಂತಿಲ್ಲ. ವಯಸ್ಸಾದವರು, ಹೃದಯದ ಬಡಿತದ ತೊಂದರೆ, ಗ್ಲಾಕೋಮಾ, ಮೂತ್ರ ಕಟ್ಟುವ ತೊಂದರೆ ಇರುವವರು ಮೊದಲೇ ಹೇಳಬೇಕು. ಆತಂಕಕ್ಕೆ ಕೊಡುವ ಅಲ್ಪ್ರಜೋಲಮ್ ಮಾತ್ರ ಬೇರೆ ಜಾತಿ. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ, ಕೆಲವು ವಾರಗಳಲ್ಲಿ ಅದಿಲ್ಲದೆ ಆಗುವುದಿಲ್ಲ. ವರ್ಷಗಟ್ಟಲೆ ನುಂಗಿದವರು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು.

ಕೆಲಸದ ಅಳತೆ ಇನ್ನೊಂದು. ಚೆನ್ನಾಗಿರುವ ದಿನ ಹಬ್ಬದ ಮುನ್ನಾದಿನದಂತೆ ಮನೆಯೆಲ್ಲ ತೊಳೆದು, ಮೂರು ದಿನ ಹಾಸಿಗೆ ಹಿಡಿಯುವುದು ಇವರಲ್ಲಿ ಮಾಮೂಲು. ನೆಟ್ಟಗಿರುವ ದಿನ 40 ನಿಮಿಷ, ಕೆಟ್ಟ ದಿನ 10 ನಿಮಿಷ ನಡೆಯಬಲ್ಲವರು, ಎರಡೂ ದಿನ 10 ನಿಮಿಷ ನಡೆಯಬೇಕು. ಚೆನ್ನಾಗಿದ್ದರೂ 10ಕ್ಕೆ ನಿಲ್ಲಿಸಬೇಕು, ಕಷ್ಟದ ಭಾಗ ಅದೇ. ಎರಡು ವಾರ ಕಳೆದ ಮೇಲೆ ವಾರಕ್ಕೆ ಒಂದೆರಡು ನಿಮಿಷ ಏರಿಸಿ. ಅಲಾರಂ ನಿಲ್ಲಿಸಲಿ, ನೋವು ನಿಲ್ಲಿಸುವುದು ಬೇಡ. ಒಂದು ಎಚ್ಚರ: ಸ್ವಲ್ಪ ಶ್ರಮಕ್ಕೇ ಒಂದೆರಡು ದಿನ ಬಿಟ್ಟು ಪೂರ್ತಿ ನೆಲಕಚ್ಚುವ, ಎಂಇ/ಸಿಎಫ್‌ಎಸ್ ಎಂಬ ತೀವ್ರ ಬಳಲಿಕೆಯ ಕಾಯಿಲೆ ಇರುವವರಿಗೆ ಏರಿಸುವ ಸೂತ್ರ ಸಲ್ಲದು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2021ರಲ್ಲಿ ಅವರಿಗೆ ಹಂತಹಂತದ ವ್ಯಾಯಾಮ ಚಿಕಿತ್ಸೆಯನ್ನು ಕೈಬಿಟ್ಟಿತು.

ಹೊಟ್ಟೆ ಉಬ್ಬರಕ್ಕೆ ಒಂದು ಒಗ್ಗರಣೆಯ ಗುಟ್ಟು. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್ ಹಲವರ ಕರುಳಲ್ಲಿ ಹುದುಗಿ ಉಬ್ಬರಿಸುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಎಸಳು ತೆಗೆದುಬಿಟ್ಟರೆ ಘಮ ಸಾರಿಗೆ ಬರುತ್ತದೆ, ತೊಂದರೆ ಬರುವುದಿಲ್ಲ. ಸಾರಿನಲ್ಲಿ ಕುದಿಸಿ ಆಮೇಲೆ ಎಸಳು ಆರಿಸಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಅದು ನೀರಿಗೆ ಇಳಿದಿರುತ್ತದೆ. ನಾಲ್ಕರಿಂದ ಆರು ವಾರ ಹೀಗೆ ಬಿಟ್ಟು ನೋಡಿ, ಆಮೇಲೆ ಒಂದೊಂದಾಗಿ ವಾಪಸ್ ತಂದು ಯಾವುದು ಒಗ್ಗುವುದಿಲ್ಲ ಎಂದು ಹಿಡಿಯಬೇಕು. ವರ್ಷಾನುಗಟ್ಟಲೆ ಎಲ್ಲವನ್ನೂ ಬಿಟ್ಟು ಗಂಜಿಗೆ ಇಳಿಯುವುದು ಪಥ್ಯವಲ್ಲ, ಇನ್ನೊಂದು ಕಾಯಿಲೆ.

‘ಫಿಟ್ಸ್’ನಂತೆ ಬಂದು ಹೋಗುವ ಫಂಕ್ಷನಲ್ ಸೆಳವಿಗೆ ಮನೆಯವರ ಕೈಯಲ್ಲಿರುವ ದೊಡ್ಡ ಉಪಕರಣ ಮೊಬೈಲು. ಅಪಸ್ಮಾರದಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ, ಎರಡು ನಿಮಿಷದೊಳಗೆ ಮುಗಿಯುತ್ತದೆ. ಇದರಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿರುವುದು, ತಲೆ ಅತ್ತಿತ್ತ ಹೊರಳುವುದು, ಹೆಚ್ಚು-ಕಡಿಮೆಯಾಗುತ್ತ ಬಹಳ ಹೊತ್ತು ನಡೆಯುವುದು ಹೆಚ್ಚು. ಮುಖ, ಕಣ್ಣು ಕಾಣುವಂತೆ ಶುರುವಿನಿಂದ ವಿಡಿಯೋ ಮಾಡಿ ನರವೈದ್ಯರಿಗೆ ತೋರಿಸಿ. ಕೈಗೆ ಕೀಲಿಕೈ, ಮೂಗಿಗೆ ಚಪ್ಪಲಿ ಎರಡೂ ಬೇಡ, ಯಾವ ಬಗೆಯದಾದರೂ ಬೇಡ. ಮಗ್ಗುಲಿಗೆ ಮಲಗಿಸಿ, ತಲೆ ನೆಲಕ್ಕೆ ಬಡಿಯದಂತೆ ನೋಡಿಕೊಂಡರೆ ಸಾಕು. ಮೊದಲ ಸಲವಾಗಿದ್ದರೆ ಇಲ್ಲವೇ ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಈಗಾಗಲೇ ನಡೆಯುತ್ತಿರುವ ಎಪಿಲೆಪ್ಸಿ ಮಾತ್ರೆಯನ್ನು ವಿಡಿಯೋ ನೋಡಿ ನೀವೇ ನಿಲ್ಲಿಸಬೇಡಿ.

ಮತ್ತೆ ಆ ಪ್ಲಾಸ್ಟಿಕ್ ಕವರ್. ಹೊಸ ಡಾಕ್ಟರಿಗೆ ಐದು ನಿಮಿಷದಲ್ಲಿ ಅದನ್ನು ಓದಲಾಗದು, ಅದಕ್ಕೇ ಅವರು ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯುವುದು. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮೇಲೆ ಶುರುವಾದ ತಿಂಗಳು, ವರ್ಷ, ಆಗ ಮನೆಯಲ್ಲಿ ನಡೆದಿದ್ದೇನು: ಜ್ವರ, ಹೆರಿಗೆ, ಸಾವು, ಸಾಲ, ವರ್ಗಾವಣೆ, ಏನಿದ್ದರೂ. ಕೆಳಗೆ ಆದ ಪರೀಕ್ಷೆಗಳು, ತಾರೀಖು, ಒಂದೇ ಪದದಲ್ಲಿ ಫಲಿತಾಂಶ. ಆಮೇಲೆ ಈಗ ನುಂಗುವ ಎಲ್ಲ ಮಾತ್ರೆ, ಮೆಡಿಕಲ್ ಶಾಪಿನವರು ಕೊಟ್ಟಿದ್ದೂ ಸೇರಿ, ತಿಂಗಳಿಗೆ ಎಷ್ಟು ದಿನ. ಹೋಗುವ ಮುಂಚಿನ ಎರಡು ವಾರ ರಾತ್ರಿ ಮಲಗುವಾಗ ಒಂದೇ ಸಾಲು: ಎಷ್ಟು ಗಂಟೆ ನಿದ್ದೆ, ಏನು ಕೆಲಸ, ನೋವು ಹತ್ತಕ್ಕೆ ಎಷ್ಟು. ದಿನಕ್ಕೆ ಒಂದೇ ಸಲ. ಗಂಟೆಗೊಮ್ಮೆ ಬರೆದರೆ ಹೆಬ್ಬೆರಳಿನ ಕತೆಯೇ ಮತ್ತೆ. ಕೊನೆಯ ಸಾಲಿನಲ್ಲಿ ನೋವು ಹೋಗಬೇಕು ಎಂದು ಬರೆಯಬೇಡಿ, ಅದು ಡಾಕ್ಟರಿಗೂ ಗೊತ್ತು. ಏನು ಮಾಡಲು ಆಗಬೇಕು ಎಂಬುದನ್ನು ಬರೆಯಿರಿ: ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮಗಳನ್ನು ಬಸ್‌ಸ್ಟಾಪಿನವರೆಗೆ ನಡೆದು ಬಿಟ್ಟು ಬರಬೇಕು. ಅಂಥದ್ದು ಒಂದು.